ನೇರ ಪ್ರಸಾರದಲ್ಲಿ ಕರೆದ ನದಿ

ಕುಮಾಸಿ ನಗರದಲ್ಲಿ ಬೆಳಗಿನ ಹೊತ್ತು ಟೀವಿ ಹಾಕದ ಮನೆ ಇಲ್ಲ, ಹಾಕಿದ ಮನೆಯಲ್ಲಿ ತಬಿರಿಯ ಬೈಗುಳ ಕೇಳದ ಕಿವಿ ಇಲ್ಲ. ಏಣಿ ಪಕ್ಷದ ಪರವಾಗಿ ಅವನು ಚರ್ಚೆಗೆ ಬಂದು ಕೂತನೆಂದರೆ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಗಂಜಿ ಮಾರುವ ಹೆಂಗಸು ಸೌಟು ಹಿಡಿದುಕೊಂಡೇ ಪರದೆ ನೋಡುತ್ತಿದ್ದಳು. ರಸ್ತೆ ಯಾಕೆ ಕಿತ್ತುಹೋಯಿತು, ಆಸ್ಪತ್ರೆಯಲ್ಲಿ ಔಷಧ ಯಾಕಿಲ್ಲ ಅನ್ನುವುದೆಲ್ಲ ಅವನ ಬಾಯಲ್ಲಿ ಬಂದದ್ದೇ ಇಲ್ಲ. ಎದುರು ಕೂತವನ ಬೋಳುತಲೆ, ಅವನ ಹೊಟ್ಟೆ, ಅವನ ಮಾವನ ಕುಡಿತ, ಇಷ್ಟೇ ಅವನ ರಾಜಕೀಯ. ಜನಕ್ಕೂ ಅದೇ ಬೇಕಿತ್ತು ಅನ್ನಿ. ಔಷಧದ ಮಾತಾಡಿದವರನ್ನು ಆ ಕುರ್ಚಿಗೆ ಎರಡನೇ ಸಲ ಯಾರೂ ಕರೆದದ್ದಿಲ್ಲ.

ಎದುರು ಕೂರುತ್ತಿದ್ದವನು ಡೋಲು ಪಕ್ಷದ ಅಡೊಮಾಕೊ. ಸುವಾಮೆ ಬಡಾವಣೆಯಲ್ಲಿ ಹಳೇ ಎಂಜಿನ್ ಮಾರುವ ಅಂಗಡಿ ಇಟ್ಟಿದ್ದ. ಗಂಟಲೂ ಹಳೇ ಲಾರಿಯದೇ. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕ್ಯಾಮೆರಾದ ಕೆಂಪು ದೀಪ ಹತ್ತಿದಾಗ ಒಬ್ಬರನ್ನೊಬ್ಬರು ಹರಿದು ತಿನ್ನುವ ಹಾಗೆ ಕಿರುಚಾಡುತ್ತಿದ್ದರು. ದೀಪ ಆರಿದ ಮೇಲೆ ಬೀದಿಯಾಚೆಯ ಊಟದ ಮನೆಗೆ ಹೋಗಿ ಒಂದೇ ಬಟ್ಟಲಿಗೆ ಕೈಯಿಟ್ಟು, ಸೂಪಿನಲ್ಲಿ ಅದ್ದಿದ ಫುಫು ಮುದ್ದೆ ನುಂಗುತ್ತಿದ್ದರು.

"ಇವತ್ತು ನಮ್ಮಜ್ಜೀನ ಯಾಕೋ ಎಳೆದೆ? ಅವಳು ಸತ್ತು ಯಾವ ಕಾಲ ಆಯ್ತು!" ಎಂದು ಅಡೊಮಾಕೊ ಕೇಳುತ್ತಿದ್ದ.

"ನಿನ್ನ ಹೊಟ್ಟೆ ವಿಷಯ ಮುಗಿದುಹೋಗಿತ್ತಲ್ಲೋ. ಇನ್ನೂ ಟೈಮಿತ್ತು. ನಾನೇನು ಮಾಡ್ಲಿ?"

"ನಾಳೆ ನಿಮ್ಮ ಸೋದರಮಾವನ್ನ ಎಳೀತೀನಿ ನೋಡ್ತಿರು."

"ಎಳಿ. ಅವನಿಗೂ ಹೆಸರು ಬರ್ಲಿ."

ಹೀಗಿತ್ತು. ಚುನಾವಣೆ ಹತ್ತಿರ ಬರದಿದ್ದರೆ ಹೀಗೇ ಇರುತ್ತಿತ್ತೋ ಏನೋ.

ಆ ದಿನ ಅಡೊಮಾಕೊನ ಕೈ ಮೇಲಾಗಿತ್ತು. ಉದ್ಘಾಟನೆಯಾದ ವರ್ಷವೇ ಕುಸಿದ ಸೇತುವೆಯ ವಿಷಯ ಹಿಡಿದುಕೊಂಡು ತಬಿರಿಯನ್ನು ಮೂಲೆಗೆ ಒತ್ತಿದ್ದ. ನಿರೂಪಕಿ ಫ್ರೆಮಾ ಬೇರೆ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ಆಗ ತಬಿರಿಯ ತೊಡೆಯ ಮೇಲಿದ್ದ ಫೋನು ನಡುಗಿತು. ಪಕ್ಷದ ಕಾರ್ಯದರ್ಶಿ ಒಪಾರೆಯ ಸಂದೇಶ. ಕೋಕೋ ಬೆಳೆಗಾರರಿಗೆ ಬಂದ ಸರಕಾರದ ಗೊಬ್ಬರವನ್ನು ಇವನೇ ಗಡಿ ದಾಟಿಸಿ ಮಾರಿದ ಅನ್ನು, ಎಂದಿತ್ತು. ಸುಳ್ಳು ಎಂದು ತಬಿರಿಗೆ ಗೊತ್ತು. ಅಡೊಮಾಕೊಗೆ ಗೊಬ್ಬರದ ವಾಸನೆ ಬಂದರೆ ಸೀನು ಬರುತ್ತದೆ ಎಂಬುದೂ ಗೊತ್ತು. ಆದರೂ ಅಂದ.

"ಸಾಕ್ಷಿ ಎಲ್ಲಿ? ತೋರ್ಸು!" ಎಂದು ಅಡೊಮಾಕೊ ಮೇಜು ಗುದ್ದಿದ.

ಸಾಕ್ಷಿ ಇದ್ದರಲ್ಲವೇ? ಆ ಕುರ್ಚಿಯಲ್ಲಿ ಕೂತವನು ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಸೋತ ಹಾಗೆ. ತಬಿರಿ ಸುಮ್ಮನಾಗಲಿಲ್ಲ. ಎದ್ದು ನಿಂತು ಎರಡೂ ಕೈ ಎತ್ತಿದ.

"ಸಾಕ್ಷಿ ಬೇಕಾ? ಅಮ್ಮಾ ಅಸುಕ್ವಾ! ನದಿ ತಾಯೀ, ನಿನ್ನನ್ನೇ ಸಾಕ್ಷಿಗೆ ಕರೀತಿದ್ದೀನಿ. ಇವನು ಆ ಗೊಬ್ಬರ ತಿಂದಿದ್ರೆ, ವೋಟಿನ ದಿನ ಬರೋದ್ರೊಳಗೆ ಇವನನ್ನ ನಿನ್ನ ನೀರಿಗೆ ಕರ್ಕೊಂಡು ಹೋಗು!"

ಕ್ಯಾಮೆರಾ ಹಿಡಿದವನು ಹಿಂದೆ ಸರಿದ. ಫ್ರೆಮಾಳ ನಗು ಅಲ್ಲೇ ಒಣಗಿತು. ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವವರು ಕೂಡ ಅಸುಕ್ವಾ ನದಿಯ ಹೆಸರನ್ನು ದನಿ ತಗ್ಗಿಸಿ ಹೇಳುವ ಊರು ಅದು. ನದಿಯನ್ನು ಒಬ್ಬನ ಮೇಲೆ ಕರೆದರೆ ಕರೆದವನೇ ಹೋಗಿ ಕುರಿ ಕೊಟ್ಟು, ತಪ್ಪಾಯಿತೆಂದು ಒಪ್ಪಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ಯಾರಿಗೂ ಆ ಅಧಿಕಾರವಿಲ್ಲ. ಸಂತೆಯಲ್ಲಿ ಕೋಳಿ ಕದ್ದವನ ಮೇಲೆ ನಾಲ್ಕು ಜನರ ಮುಂದೆ ಕರೆಯುವುದನ್ನು ಎಲ್ಲರೂ ನೋಡಿದ್ದರು. ಅರ್ಧ ದೇಶ ನೋಡುವಾಗ ಕರೆದ ಮೊದಲಿಗ ತಬಿರಿಯೇ.

ಆವತ್ತು ಅಡೊಮಾಕೊ ಊಟಕ್ಕೆ ಬರಲಿಲ್ಲ. ತಬಿರಿ ಒಬ್ಬನೇ ಕೂತು ಬಟ್ಟಲು ಖಾಲಿ ಮಾಡಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ನದಿಗೆ ಸತ್ಯ ಗೊತ್ತು. ಗೊಬ್ಬರ ಮುಟ್ಟದವನನ್ನು ನದಿ ಮುಟ್ಟುವುದಿಲ್ಲ. ಚುನಾವಣೆ ಮುಗಿಯಲಿ, ಒಂದು ಕುರಿ ಕೊಟ್ಟು ಕೈತೊಳೆದುಕೊಂಡರಾಯಿತು. ಬುದ್ಧಿವಂತನ ಲೆಕ್ಕಾಚಾರ ನೋಡಿ! ನದಿಯ ಬಗ್ಗೆ ಎಲ್ಲ ಯೋಚಿಸಿದ, ನದಿಯನ್ನು ಕರೆದ ಮಾತು ಕೇಳಿಸಿಕೊಂಡ ಜನರ ಬಗ್ಗೆ ಯೋಚಿಸಲಿಲ್ಲ.

ಜನ ಕೇಳಿಸಿಕೊಂಡಿದ್ದರು. ಸಂಜೆಯ ಹೊತ್ತಿಗೆ ಆ ತುಣುಕು ಎಲ್ಲರ ಫೋನಿನಲ್ಲೂ ಇತ್ತು. ಬಸ್ ನಿಲ್ದಾಣದಲ್ಲಿ ಕೂಗಿ ಕರೆಯುವ ಹುಡುಗರು ತಬಿರಿಯ ದನಿಯನ್ನೇ ಅಣಕಿಸಿ "ತಾಯೀ ಕರ್ಕೊಂಡು ಹೋಗು" ಎಂದು ಪ್ರಯಾಣಿಕರನ್ನು ಹತ್ತಿಸುತ್ತಿದ್ದರು. ನಗು ಬರುವಂಥದ್ದೇ. ಆದರೆ ಅಡೊಮಾಕೊನ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಸಾಯುವವನ ಕೈಯಿಂದ ಎಂಜಿನ್ ಕೊಂಡರೆ ಗಾಡಿ ಉದ್ಧಾರವಾಗುತ್ತದೆಯೇ? ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಶಾಪ ಗಟ್ಟಿಯಾಗಲೆಂದು ಯಾರೋ ಅವನ ಗೇಟಿನ ಮುಂದೆ ಕೋಳಿಮೊಟ್ಟೆ ಒಡೆದು ಹೋಗಿದ್ದರು. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟುಹೋದಳು. ತಬಿರಿ ಫೋನು ಮಾಡಿದರೆ ಅವನು ಎತ್ತುತ್ತಿರಲಿಲ್ಲ, ಚರ್ಚೆಗೂ ಬರುತ್ತಿರಲಿಲ್ಲ. ಬದಲಿಗೆ ಡೋಲು ಪಕ್ಷ ಕಳಿಸಿದ ವಕೀಲ ಔಷಧದ ಮಾತಾಡಿ ಎಲ್ಲರಿಗೂ ನಿದ್ದೆ ಬರಿಸಿದ.

ಒಂದು ಮಧ್ಯಾಹ್ನ ಏಣಿ ಪಕ್ಷದ ಹುಡುಗರ ನಾಯಕ ತಬಿರಿಯ ಮನೆಗೇ ಬಂದ. ಎಲ್ಲರೂ ಅವನನ್ನು ಜನರಲ್ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಸಭೆ ಮುಗಿದ ಮೇಲೆ ತಬಿರಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುವವನು ಇವನೇ. ತುಂಬ ವಿನಯವಂತ. ಚಪ್ಪಲಿ ಹೊರಗೇ ಬಿಟ್ಟು ಬಂದು ನಿಂತ.

"ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಈ ಸಲ ತಪ್ಪಿಸ್ಕೊಂಡ."

"ಯಾರು?"

"ಇನ್ಯಾರು? ಗೊಬ್ಬರದೋನು. ಇಳಿಜಾರಿನಲ್ಲಿ ಬ್ರೇಕ್ ಹೋಯ್ತು ಅವನ ಗಾಡಿದು. ಹಾಳಾದೋನು ಎಂಜಿನ್ ಬಲ್ಲೋನು ನೋಡಿ, ಗೇರ್ ಇಳಿಸಿ ಗೋಡೆಗೆ ಉಜ್ಜಿ ನಿಲ್ಲಿಸ್ಬಿಟ್ಟ."

ತಬಿರಿ ಎದ್ದು ನಿಂತ. "ಬ್ರೇಕ್ ಹೆಂಗೋ ಹೋಯ್ತು?"

ಜನರಲ್ ನೆಲ ನೋಡಿ ನಕ್ಕ. "ನೀವು ತಾಯೀನ ಕರೆದಿದ್ದೀರಿ ಅಣ್ಣಾ, ಊರೆಲ್ಲಾ ಕೇಳಿದೆ. ವೋಟಿನ ದಿನಾನೂ ಅವನು ಗುಂಡುಕಲ್ಲಿನ ಥರ ಓಡಾಡ್ಕೊಂಡಿದ್ರೆ ಜನ ಯಾರನ್ನ ನೋಡಿ ನಗ್ತಾರೆ? ನಿಮ್ಮನ್ನ. ಪಕ್ಷಾನ. ನಾವಿದ್ದೂ ನಿಮಗೆ ಅವಮಾನ ಆಗೋಕೆ ಬಿಡ್ತೀವಾ?"

"ನಾನು ನಿಮಗೆ ಹೇಳಿದ್ನೇನೋ? ಯಾರಿಗಾದ್ರೂ ಹೇಳಿದ್ನಾ? ಬೇಡ ಅಂತಿದ್ದೀನಿ. ನಿಲ್ಸಿ!"

"ದೊಡ್ಡೋರು ನೀವು ಹಂಗೇ ಅನ್ಬೇಕು," ಎಂದ ಜನರಲ್ ಪ್ರೀತಿಯಿಂದ. "ನಮಗೆ ಅರ್ಥ ಆಗುತ್ತೆ." ಚಪ್ಪಲಿ ಮೆಟ್ಟಿಕೊಂಡು ಹೊರಟ.

ತಬಿರಿ ನೇರ ಒಪಾರೆಯ ಕಚೇರಿಗೆ ಓಡಿದ. ಕಾರ್ಯದರ್ಶಿ ಒಪಾರೆ ಹುರಿದ ಬಾಳೆಕಾಯಿ ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ನಾನು ಗೊಬ್ಬರ ಅಂದೆ. ನದಿ ಅಂದ್ನಾ? ಅದು ನಿಮ್ಮ ಸ್ವಂತ ಪ್ರತಿಭೆ," ಎಂದ. "ಈಗ ಹಿಂದಕ್ಕೆ ತಗೊಂಡ್ರೆ ಸುಳ್ಳು ಹೇಳಿದ್ವಿ ಅಂತ ಒಪ್ಪಿಕೊಂಡ ಹಾಗೆ. ವೋಟು ಮುಗೀಲಿ ತಬಿರಿ, ಒಂದಲ್ಲ, ಹಿಂಡು ಕುರಿ ಹೊಡ್ಕೊಂಡು ಹೋಗಿ."

"ಅಷ್ಟರೊಳಗೆ ಅವನು ಸತ್ರೆ?"

ಒಪಾರೆ ಬೆರಳು ಒರೆಸಿಕೊಂಡ. "ನದಿ ಕೆಲಸ ಮಾಡ್ತು ಅಂತಾರೆ," ಎಂದ. ಪೊಲೀಸರ ಹತ್ತಿರ ಹೋಗುತ್ತೇನೆಂದು ತಬಿರಿ ಅಂದರೆ, ಠಾಣೆಯ ಸಾಹೇಬರು ಬೆಳಿಗ್ಗೆಯಷ್ಟೇ ಇಲ್ಲಿ ಚಹಾ ಕುಡಿದು ಹೋದರು ಎಂದು ಖಾಲಿ ಲೋಟ ತೋರಿಸಿದ.

ಮಾರನೆಯ ಬೆಳಿಗ್ಗೆ ತಬಿರಿ ಕುರಿಯೊಂದನ್ನು ವ್ಯಾನಿಗೆ ಹಾಕಿಕೊಂಡು ಅಸುಕ್ವಾಕ್ಕೆ ಹೋದ. ನದಿ ಎಂದರೆ ಸೊಂಟದವರೆಗೆ ನೀರು, ಮೇಲೆ ಬಿದಿರು, ಒಳಗೆ ಯಾರೂ ಹಿಡಿಯದೆ ಕೊಬ್ಬಿದ ಮೀನು. ದಂಡೆಯ ಮೇಲೆ ದೇವತೆಯ ಪೂಜೆ ಮಾಡುವ ಮುದುಕಿ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಮುಖ ನೋಡಿದ್ದೇ ಗುರುತು ಹಿಡಿದಳು. ಅವಳ ಗುಡಿಸಲಿನಲ್ಲೂ ಟೀವಿ ಇತ್ತು.

"ಕುರಿ ಕಟ್ಟು, ಮಗಾ. ಇವತ್ತು ಕಡಿಯಲ್ಲ," ಎಂದಳು.

"ಯಾಕಜ್ಜೀ? ತಪ್ಪಾಯ್ತು ಅಂತ ಒಪ್ಪಿಕೊಳ್ತೀನಿ. ಸುಳ್ಳು ಹೇಳ್ದೆ. ಅವನೇನೂ ಮಾಡಿಲ್ಲ."

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಸಂತೇಲಿ ಕರೆದೋರು ಸಂತೇಲೇ ನಿಂತು ಹಿಂದಕ್ಕೆ ತಗೊಂಡು ಆಮೇಲೆ ಇಲ್ಲಿಗೆ ಬರ್ತಾರೆ. ನೀನು ಎಲ್ಲಿ ಕರೆದೆ? ಆ ಪೆಟ್ಟಿಗೆ ಒಳಗೆ. ಅಲ್ಲೇ ಹೋಗಿ ಹೇಳು. ಕೇಳಿಸ್ಕೊಂಡೋರೆಲ್ಲಾ ಕೇಳಿಸ್ಕೊಳ್ಳಿ. ಆಮೇಲೆ ಬಾ, ಕುರಿ ಇಲ್ಲೇ ಇರುತ್ತೆ." ಮುದುಕಿ ನೀರಿನ ಕಡೆ ನೋಡಿದಳು. "ತಾಯೀನ ನಾನು ನೋಡ್ಕೋತೀನಿ. ಅವಳು ಮಾತು ಕೇಳ್ತಾಳೆ. ನಿನ್ನ ಹುಡುಗ್ರು ಯಾರ ಮಾತು ಕೇಳ್ತಾರೆ?"

ಮತದಾನಕ್ಕೆ ಮುಂಚಿನ ಕೊನೆಯ ಚರ್ಚೆಗೆ ಅಡೊಮಾಕೊ ಬಂದ. ಬದುಕಿದ್ದೀಯ ಎಂದು ಜನಕ್ಕೆ ತೋರಿಸಬೇಕು ಎಂದು ಅವನ ಪಕ್ಷ ಹಟಹಿಡಿದು ಕಳಿಸಿತ್ತು. ಅಂಗಿ ಮೈಮೇಲೆ ಜೋತುಬಿದ್ದಿತ್ತು. ಅಷ್ಟು ದಿನ ತಬಿರಿ ಆಡಿಕೊಂಡ ಆ ಹೊಟ್ಟೆ ಈಗ ಇರಲಿಲ್ಲ. ಟೀವಿ ಕಚೇರಿಯ ಗೇಟಿನ ಒಂದು ಪಕ್ಕ ಜನರಲ್‌ನ ಹುಡುಗರು, ಇನ್ನೊಂದು ಪಕ್ಕ ಡೋಲು ಪಕ್ಷದ ಹುಡುಗರು, ಇಬ್ಬರ ಬಳಿಯೂ ಬೈಕು, ಇಬ್ಬರ ಕೈಯಲ್ಲೂ ಫೋನಿನಲ್ಲಿ ಇದೇ ಕಾರ್ಯಕ್ರಮ. ಅಡೊಮಾಕೊ ತಬಿರಿಯ ಕಡೆ ತಿರುಗಿಯೂ ನೋಡದೆ ಕೂತ.

ದೀಪ ಹತ್ತಿತು. ಫ್ರೆಮಾ ಪ್ರಶ್ನೆ ಮುಗಿಸುವ ಮೊದಲೇ ತಬಿರಿ ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ ಕಿರುಚದೆ ಮಾತಾಡಿದ.

"ಗೊಬ್ಬರದ ಮಾತು ಸುಳ್ಳು. ಅಡೊಮಾಕೊ ಒಂದು ಚೀಲಾನೂ ಮುಟ್ಟಿಲ್ಲ. ಅದು ಸುಳ್ಳು ಅಂತ ಹೇಳೋವಾಗ್ಲೇ ನನಗೆ ಗೊತ್ತಿತ್ತು. ನದೀನ ಕರೆದೋನು ನಾನು, ಹಿಂದಕ್ಕೆ ತಗೊಳ್ತಿರೋನೂ ನಾನೇ. ಹುಡುಗ್ರೇ, ಕೇಳಿಸ್ಕೊಳ್ತಿದ್ದೀರಾ? ಇವನ ಒಂದು ಕೂದಲೂ ಕೊಂಕಬಾರದು."

ಅಡೊಮಾಕೊ ತಲೆಯೆತ್ತಿದ. ಕಣ್ಣು ತುಂಬಿ ಬಂದಿತ್ತು. ತಬಿರಿಯ ಎದೆ ಹಗುರಾಯಿತು. ಗೆಳೆಯ ಉಳಿದ ಎಂದುಕೊಂಡ.

ಆಗ ಇನ್ನೊಂದು ಕ್ಯಾಮೆರಾ ಅಡೊಮಾಕೊನ ಮುಖದತ್ತ ತಿರುಗಿ ಅದರ ಕೆಂಪು ದೀಪ ಹತ್ತಿತು. ಅವನ ಬೆನ್ನು ನೆಟ್ಟಗಾದದ್ದನ್ನು ತಬಿರಿ ಕಂಡ. ಆ ದೀಪ ಮುಖಕ್ಕೆ ಬಿದ್ದರೆ ಮೈಯೊಳಗೆ ಏನಾಗುತ್ತದೆ ಎಂಬುದು ತಬಿರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಬೇಡ ಕಣೋ," ಎಂದ ಮೆಲ್ಲಗೆ. ಅಷ್ಟರಲ್ಲಿ ಅಡೊಮಾಕೊ ಎದ್ದಾಗಿತ್ತು. ಇಷ್ಟು ದಿನ ನುಂಗಿಕೊಂಡ ಹೆದರಿಕೆಯೆಲ್ಲ ಆ ಹಳೇ ಲಾರಿ ಗಂಟಲಿಗೆ ಬಂತು.

"ಕೇಳಿದ್ರಾ ಮಹಾಜನರೇ! ಅವನ ಬಾಯಿಂದ್ಲೇ ಕೇಳಿದ್ರಾ! ನನ್ನ ಅಂಗಡಿ ಮುಚ್ಚಿಸ್ದ. ನನ್ನ ಹೆಂಡ್ತಿ ಮಕ್ಕಳನ್ನ ಓಡಿಸ್ದ. ತಾಯಿ ಹೆಸರಲ್ಲಿ ಸುಳ್ಳು ಹೇಳ್ದೋನಿಗೆ ಕ್ಷಮೆ ಇದೆಯಾ? ಅಮ್ಮಾ ಅಸುಕ್ವಾ! ವೋಟಿಗೆ ಮೊದ್ಲು ಕರ್ಕೊಂಡು ಹೋಗು! ಈ ಸುಳ್ಳುಬುರುಕನ್ನ ಕರ್ಕೊಂಡು ಹೋಗು!"

ಹೊರಗಿನಿಂದ ಜಯಘೋಷ ಗೋಡೆ ದಾಟಿ ಬಂತು. ಫ್ರೆಮಾ ಗಾಬರಿಯಿಂದ ಜಾಹೀರಾತು ಎಂದಳು. ದೀಪ ಆರಿತು.

"ಏನಂದೆ ಅಂತ ಗೊತ್ತೇನೋ ನಿಂಗೆ?" ಎಂದ ತಬಿರಿ.

ಅಡೊಮಾಕೊ ಕುರ್ಚಿಗೆ ಕುಸಿದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. "ಬಂದ್ಬಿಡ್ತು ಕಣೋ. ತಾನಾಗೇ ಬಂದ್ಬಿಡ್ತು."

"ಜಾಹೀರಾತು ಮುಗಿದ ತಕ್ಷಣ ಹಿಂದಕ್ಕೆ ತಗೋ. ನಿನ್ನ ಕಡೆ ಹುಡುಗ್ರೂ ಗೇಟಲ್ಲೇ ಇದಾರೆ. ನನ್ನೋರು ಈಗ ನನ್ನ ಕಡೆ ಇರಲ್ಲ. ಅಡೊಮಾಕೊ, ಕೇಳಿಸ್ತಾ?"

"ತಗೋತೀನಿ. ತಗೋತೀನಿ."

ಅವನ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಡೋಲು ಪಕ್ಷದವರ ಒಂದು ಮೆಚ್ಚುಗೆ ಓದುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಓದುತ್ತ ಓದುತ್ತ ಅವನ ಉಸಿರು ತಹಬಂದಿಗೆ ಬಂತು. ಭುಜ ಮೇಲೆದ್ದಿತು. ಮೇಕಪ್ಪಿನ ಹುಡುಗಿ ಬಂದು ಇಬ್ಬರ ಹಣೆಯ ಬೆವರೂ ಒರೆಸಿ ಪೌಡರು ಹಚ್ಚಿದಳು. ಅಡೊಮಾಕೊ ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಕಾಲರ್ ಸರಿಮಾಡಿಕೊಂಡ.

"ವೋಟು ಮುಗೀಲಿ," ಎಂದ, ಕ್ಯಾಮೆರಾದ ಕಡೆ ನೋಡುತ್ತ.

ತಬಿರಿ ಎದ್ದು ಹೋಗೋಣವೆಂದು ಬಾಗಿಲ ಕಡೆ ನೋಡಿದ. ಆ ಬಾಗಿಲಿನಿಂದ ಹೊರಟರೆ ಇದ್ದದ್ದು ಒಂದೇ ದಾರಿ, ಅದು ಗೇಟಿಗೇ ಹೋಗುತ್ತಿತ್ತು. ಹೊರಗೆ ಒಂದೊಂದಾಗಿ ಬೈಕುಗಳು ಚಾಲೂ ಆಗುತ್ತಿದ್ದವು, ಎರಡೂ ಪಕ್ಕದಲ್ಲಿ.