ಬೋಳುಗುಡ್ಡದ ಮೇಲೆ ಎರಡು ಮಹಡಿ

ಕಾಂಗರೂ ನಾಡಿನ ಗ್ಲೆನ್ ವೇವರ್ಲಿಯಲ್ಲಿ ಬಾಡಿಗೆ ಮನೆ ಸಿಗುವುದೇ ಪುಣ್ಯ. ಒಳ್ಳೆಯ ಶಾಲೆಯ ಪಕ್ಕದಲ್ಲೇ ಸಿಕ್ಕಿತೆಂದರೆ ಅದು ಹಿಂದಿನ ಜನ್ಮದ್ದೂ ಸೇರಿರಬೇಕು. ಪ್ರಮೋದನ ಪುಣ್ಯದ ಅವಧಿ ಮಾತ್ರ ಜೂನ್‌ಗೆ ಮುಗಿಯುವುದರಲ್ಲಿತ್ತು. ಲೀಸ್ ಮುಂದುವರಿಸುತ್ತಾನೋ, ಮನೆಯನ್ನೇ ಮಾರುತ್ತಾನೋ, ಮಾಲೀಕ ಬ್ರೆಂಡನ್ ಬಾಯಿ ಬಿಟ್ಟಿರಲಿಲ್ಲ. ಮಗಳು ಪ್ರಾರ್ಥನಾ ಆ ಶಾಲೆ ಸೇರಿ ಒಂದೇ ಟರ್ಮ್ ಆಗಿತ್ತು. ಆ ಸಬರ್ಬ್ ಬಿಟ್ಟರೆ ಶಾಲೆಯನ್ನೂ ಬಿಡಬೇಕು.

ಅಷ್ಟರಲ್ಲಿ ಆಫೀಸಿನವರು ಪ್ರಮೋದನನ್ನು ಎರಡು ವಾರ ಡಬ್ಲಿನ್‌ಗೆ ಕಳಿಸಿದರು. ಸುದ್ದಿ ಕೇಳಿದ್ದೇ ತಡ, ಎಪ್ಪತ್ತಾರರ ಐರಿಷ್ ಮುದುಕ ಬ್ರೆಂಡನ್ ಮೊಣಕಾಲು ಹಿಡಿದುಕೊಂಡು ಬಂದು ಒಂದು ಬಿಳಿ ಕಲ್ಲು ಕೈಗಿಟ್ಟ. ತೀರಿಹೋದ ಹೆಂಡತಿ ನೋರಾಳ ತೋಟದ ಕಲ್ಲು. ಅದನ್ನು ತಮ್ಮೂರ ಬೆಟ್ಟದ ತುದಿಯ ಕಲ್ಲುಗುಪ್ಪೆಯ ಮೇಲೆ ಇಡಬೇಕೆಂದು ಅವಳ ಆಸೆಯಿತ್ತಂತೆ.

ಹಳೆಯ ಕರೆಂಟ್ ಬಿಲ್ಲಿನ ಹಿಂದೆ ದಾರಿಯನ್ನೂ ಬರೆದುಕೊಟ್ಟ. "ನಕ್ಷೆಯಲ್ಲಿ ನಾಕ್‌ಮಾಯ್ಲ್ ಅಂತಿರುತ್ತೆ. ಅದು ಇಂಗ್ಲಿಷರು ಕೆಡಿಸಿದ ಹೆಸರು. ಊರಲ್ಲಿ ಕ್ರುಕ್ ಮ್ವೀಲ್ ಅಂತ ಕೇಳು. ಬೋಳುಗುಡ್ಡ ಅಂತ ಅರ್ಥ. ಮೊದಲು ಕಾಣೋ ತುದಿಯನ್ನ ನಂಬಬೇಡ, ಅದು ಬರೀ ಭುಜ."

ಬ್ಯಾಂಗಲೂರನ್ನು ಮತ್ತೆ ಬೆಂಗಳೂರು ಮಾಡಲು ಸರ್ಕಾರ ಹೊರಟಿದ್ದ ಕಾಲ ಅದು. ಪ್ರಮೋದನಿಗೆ ಮುದುಕನ ಸಿಟ್ಟು ಚೆನ್ನಾಗಿಯೇ ಅರ್ಥವಾಯಿತು.

ಹೆಂಡತಿ ಕೃಪಾ ಗಂಡನನ್ನು ಬಲ್ಲವಳು. "ರೀ, ಕಲ್ಲು ಇಟ್ಟು ಒಂದು ಫೋಟೋ ತಗೊಂಡ್ ಬನ್ನಿ, ಸಾಕು. ನಿಮ್ಮ ಎಕ್ಸ್‌ಟ್ರಾ ಏನೂ ಬೇಡ," ಎಂದಳು.

ಡಬ್ಲಿನ್‌ಗೆ ಹೋದ ಮೊದಲ ಭಾನುವಾರವೇ ಪ್ರಮೋದ ಬೆಟ್ಟದ ಬುಡ ತಲುಪಿದ. ಬೆಟ್ಟವೇನೋ ಬೋಳೇ, ಆದರೆ ಬುಡವೆಲ್ಲ ಜೌಗು. ಬೇಲಿ ದಾಟಿದ ಹತ್ತೇ ನಿಮಿಷಕ್ಕೆ ಕೆಸರು ಎಡಗಾಲಿನ ಶೂ ನುಂಗಿತು. ಒಂಟಿ ಶೂ ಹಾಕಿಕೊಂಡು ಯಾವ ಶೋಭೆ? ಬಲಗಾಲಿನದನ್ನೂ ಬಿಚ್ಚಿ ಬೇಲಿಗೆ ನೇತುಹಾಕಿ ಬರಿಗಾಲಲ್ಲಿ ಹೊರಟ. ಭುಜ ತಲುಪಿ, ಮುಗಿಯಿತೆಂದು ಬಿಸ್ಕತ್ತು ತಿಂದು ಮುಗಿಸಿದ ಮೇಲೆ ಮೋಡ ಸರಿದು ನಿಜವಾದ ತುದಿ ಕಂಡಿತು. ಮುದುಕ ಹೇಳಿದ್ದ, ಇವನು ಮರೆತಿದ್ದ.

ಕೊನೆಗೂ ತುದಿ ಮುಟ್ಟಿ ಗುಪ್ಪೆಯ ಮೇಲೆ ಬಿಳಿ ಕಲ್ಲಿಟ್ಟ. ಅಲ್ಲಿಗೇ ಇಳಿದಿದ್ದರೆ ಚೆನ್ನಾಗಿತ್ತು. ಆದರೆ ಬೆಟ್ಟ ಹತ್ತಿದವರು ಮನೆ ಆಗಲಿ ಎಂದು ಹರಸಿಕೊಂಡು ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟುವುದನ್ನು ನೋಡುತ್ತ ಬೆಳೆದವನು ಅವನು. ಎದುರಿಗೆ ರಾಶಿ ಕಲ್ಲು, ಸುತ್ತ ನರಪಿಳ್ಳೆ ಇಲ್ಲ. ಗುಪ್ಪೆಯಿಂದ ಒಂದೊಂದೇ ಚಪ್ಪಟೆ ಕಲ್ಲು ಎಳೆದು ಬಾಗಿಲು ಸಮೇತ ಎರಡು ಮಹಡಿ ಎಬ್ಬಿಸಿದ. ಚಾವಣಿಗೆ ಸರಿಯಾದ ಕಲ್ಲು ಸಿಗಲಿಲ್ಲವೆಂದು ನೋರಾಳ ಕಲ್ಲನ್ನೇ ಇಟ್ಟು, ಕೈಮುಗಿದು, ಫೋಟೋ ತೆಗೆದ.

ಮರಳಿದ ಮೇಲೆ ಆ ಫೋಟೋ ನೋಡಿ ಬ್ರೆಂಡನ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಇದಕ್ಕೆ ಬಾಗಿಲು ಯಾಕಿದೆ?"

ಪ್ರಮೋದ ಹರಕೆಯ ವಿಷಯ ವಿವರಿಸಿದ. ಮುದುಕನ ಮುಖ ಕೆಂಪಾಯಿತು. "ಆ ಗುಪ್ಪೆಗೆ ಕಲ್ಲು ಹೊತ್ತು ಹಾಕ್ತಾರೆ. ನನ್ನ ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ. ಅದರಿಂದ ಕಿತ್ತವರನ್ನ ಇವತ್ತಿನವರೆಗೆ ನಾನು ಕಂಡಿಲ್ಲ."

ಕೃಪಾ ಮನಸ್ಸಿನಲ್ಲೇ ಊರಾಚೆಯ ಅಗ್ಗದ ವೆರಿಬೀಯಲ್ಲಿ ಮನೆ ಹುಡುಕತೊಡಗಿದಳು. ಪ್ರಮೋದನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಯಾವ ಮನೆ ಬೇಕು ಅಂತ ಕೇಳಿಕೊಂಡೆ?" ಎಂದ ಬ್ರೆಂಡನ್.

ಒಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಇದೇ ಮನೆ," ಎಂದ ಪ್ರಮೋದ.

ಮುದುಕ ಚಾವಣಿಯ ಬಿಳಿ ಕಲ್ಲಿನ ಮೇಲೆ ಬೆರಳಿಟ್ಟ. "ಮೇಲೆ ಅವಳೇ ಕೂತಿದ್ದಾಳೆ. ಕೆಳಗಿರೋವ್ರನ್ನ ನಾನು ಹೇಗಪ್ಪ ಎಬ್ಬಿಸಲಿ? ಪ್ರಾರ್ಥನಾ ಶಾಲೆ ಮುಗಿಸೋವರೆಗೂ ಇರಿ." ಮತ್ತೆ ಕನ್ನಡಕ ಒರೆಸಿಕೊಂಡ. "ಆದರೆ ಕಿತ್ತಷ್ಟು ಕಲ್ಲು ಕೆಳಗಿನಿಂದ ಹೊತ್ತು ಹಾಕಬೇಕು. ಒಂದು ಸಲಕ್ಕೆ ಒಂದೇ. ಎಷ್ಟು ಕಿತ್ತೆ?"

"ಹದಿನೇಳು."

ಕೃಪಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಗಂಡನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು:

"ಒಂದು ಮಹಡಿ ಸಾಕಾಗ್ತಿರ್ಲಿಲ್ವೇನ್ರಿ?"