ಅಕ್ಕನ ಮಣಿಕಟ್ಟು

ಈ ಸಲವೂ ಬಿದ್ದುಬಿಡಲೇ, ಬೇಡವೇ? ಅಭ್ಯಾಸದ ಚಾಪೆಯ ಮೇಲೆ ಅಕ್ಕನ ಮಣಿಕಟ್ಟು ಹಿಡಿದು ನಿಂತ ಬಡಗಿ ತಮ್ಮನಿಗೆ ಅದೊಂದೇ ಯೋಚನೆ. ಇಷ್ಟು ವಾರ ಅವಳು ಪೂರ್ತಿ ತಿರುಗುವ ಮೊದಲೇ ಅವನು ತಾನಾಗಿ ಉರುಳಿದ್ದ. ಅವಳ ಮುಖ ಅರಳುವುದನ್ನು ನೋಡುವ ಆಸೆ. ಆದರೆ ರಜೆ ಮುಗಿದು ನಾಳೆ ಅವಳು ಮತ್ತೆ ನರ್ಸ್ ಕೆಲಸಕ್ಕೆ ಹೋಗಬೇಕು, ಮಾನಸಿಕ ರೋಗಿಗಳ ವಾರ್ಡಿಗೆ. ತಿಂಗಳುಗಳ ಹಿಂದೆ ಅಲ್ಲೇ ಒಬ್ಬ ರೋಗಿ ಹೆದರಿಕೆಯ ಭರದಲ್ಲಿ ಅವಳ ಕೈ ತಿರುಚಿ ಮೂಳೆ ಮುರಿದದ್ದು. ಅಲ್ಲಿ ಅಕ್ಕರೆಗಾಗಿ ಬೀಳುವವರು ಯಾರೂ ಇಲ್ಲ.

"ಹೊಡೆಯೋದು ಕಲಿಸೋ ಕಡೆ ಹೋಗು" ಎಂದು ಮನೆಯಲ್ಲಿ ಹೇಳಿದಾಗ, "ಕಾಯಿಲೆಯವನನ್ನ ಹೊಡೀಲಾ?" ಎಂದು ಸಿಡುಕಿ ಅವಳು ಐಕಿಡೊ ಆರಿಸಿಕೊಂಡಿದ್ದಳು. ಜಪಾನಿನ ಈ ವಿದ್ಯೆಯಲ್ಲಿ ಪೆಟ್ಟಿಗೆ ಪೆಟ್ಟಿಲ್ಲ. ಎಳೆದವನ ಜೊತೆಗೇ ಹೆಜ್ಜೆ ಹಾಕಿ, ಅವನ ಬಲವನ್ನೇ ತಿರುಗಿಸಿ, ನೋವಾಗದಂತೆ ಅವನನ್ನು ನೆಲಕ್ಕಿಳಿಸಬೇಕು. ಇಲ್ಲಿ ಎಲ್ಲರೂ ಮೊದಲು ಕಲಿಯುವುದೇ ಬೀಳುವುದನ್ನು. ಅವಳ ಜೊತೆಗೇ ಸೇರಿದ ಬಡಗಿ ಅದನ್ನು ತುಸು ಹೆಚ್ಚೇ ಕಲಿತಿದ್ದ.

ಅವನು ಹಿಡಿತ ಬಿಗಿಮಾಡಿ ತನ್ನತ್ತ ಎಳೆದ. ಅಕ್ಕ ತಿರುಗಲು ನೋಡಿದಳು, ಅವನು ಕದಲಲಿಲ್ಲ.

"ಏನೋ ಇವತ್ತು, ಕೈಗೆ ಅಂಟು ಹಚ್ಕೊಂಡು ಬಂದಿದ್ದೀಯಾ?"

"ನೀನೇ ಸರಿಯಾಗಿ ಮಾಡ್ತಿಲ್ಲ, ಅಕ್ಕ."

"ಓಹೋ! ಮೊನ್ನೆವರೆಗೆ ಮಾಡ್ತಿದ್ದವಳು ಇವತ್ತು ಮರೆತುಬಿಟ್ನಾ?"

ಅವಳು ಹಲ್ಲು ಕಚ್ಚಿ ಜಗ್ಗಿದಳು. ಕಣ್ಣಲ್ಲಿ ನೀರಾಡಿತು. ಬಿಟ್ಟುಬಿಡಲು ಅವನ ಬೆರಳುಗಳು ತುಡಿದವು, ಅವನು ಬಿಡಲಿಲ್ಲ.

"ನಾಳೆ ನಾನು ಹೋಗಲ್ಲ ಕಣೋ" ಎಂದಳು ಮೆಲ್ಲಗೆ.

ಕಲಿಸುವ ಟೀಚರಮ್ಮ ಚಾಪೆಯ ಅಂಚಿಗೆ ಬಂದರು. "ಕೈ ಅವನ ಹತ್ರಾನೇ ಇರಲಿ ಬಿಡಮ್ಮ. ನೀನು ಹೋಗಿ ಅವನ ಪಕ್ಕ ನಿಂತ್ಕೋ. ಅವನು ಎಲ್ಲಿ ನೋಡ್ತಿದ್ದಾನೋ ಅಲ್ಲೇ ನೋಡು."

ಅಕ್ಕ ಉಸಿರು ಬಿಟ್ಟಳು. ಭುಜಗಳು ಇಳಿದವು. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವವಳ ಹಾಗೆ ಸುಮ್ಮನೆ ಅವನ ಮಗ್ಗುಲಿಗೆ ಸರಿದಳು. ಅವನು ಬಲವಾಗಿಯೇ ಎಳೆಯುತ್ತಿದ್ದ. ಎಳೆದ ಕಡೆಗೇ ಅವಳು ಬಂದದ್ದರಿಂದ ಎದುರಿಗೆ ತಡೆಯೇ ಉಳಿಯಲಿಲ್ಲ. ನೋಡನೋಡುತ್ತಲೇ ಅವನು ಚಾಪೆಯ ಮೇಲಿದ್ದ. ತಲೆಗೆ ಪೆಟ್ಟಾಗದಂತೆ ಅವಳ ಇನ್ನೊಂದು ಕೈ ಅವನ ಕುತ್ತಿಗೆಯ ಕೆಳಗಿತ್ತು.

"ನೋವಾಯ್ತೇನೋ?"

"ಇಲ್ಲಕ್ಕ. ಇನ್ನೊಂದ್ ಸಲ."

ಇನ್ನೊಂದು ಸಲವೂ ಬಿದ್ದ. ಅವನು ಧೂಳು ಕೊಡವಿಕೊಳ್ಳುವುದನ್ನು ನೋಡಿ ಅವಳು ಬಾಯ್ತುಂಬ ನಕ್ಕಳು.

"ಬೆಳಿಗ್ಗೆ ಬೇಗ ಎಬ್ಬಿಸು. ಮೊದಲ ದಿನಾನೇ ತಡವಾದ್ರೆ ಚೆನ್ನಾಗಿರಲ್ಲ."

ಹಿಂದೆಲ್ಲ ತಾನು ಬೇಕೆಂದೇ ಬಿದ್ದದ್ದೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.