ಅಕ್ಕುವಿನ ಹಾಸಿಗೆ

ಪೆಟ್ಟಿಗೆಯ ಗಾಜಿನ ಮೇಲೆ ಒದ್ದೆ ಬಟ್ಟೆ ಎಳೆದ ಗೆರೆಗಳು, ಇನ್ನೂ ಪೂರ್ತಿ ಆರಿಲ್ಲ, ಯಾರೋ ಒರೆಸಿದ್ದಾರೆ, ಹೊರಗಿನಿಂದಷ್ಟೇ ಅಲ್ಲ ಒಳಗಿನಿಂದಲೂ — ಗರಿಕೆಯ ಕಟ್ಟು, ದಾಸವಾಳದ ಪೊಟ್ಟಣ ಎರಡನ್ನೂ ಮಂಚದ ಮೇಲೆ ಬಿಸಾಡಿ ಬಗ್ಗಿ ನೋಡುತ್ತೇನೆ, ಬಲೆ ಇಲ್ಲ, ವಾರವಿಡೀ ನನ್ನ ಅಕ್ಕು ನೇಯ್ದ ಬಿಳಿ ಬಲೆಯ ಒಂದೆಳೆಯೂ ಇಲ್ಲ, ಬರೀ ತೆಂಗಿನ ನಾರಿನ ಪುಡಿಯ ಮೇಲೆ ಅವಳು ಅಂಗಾತ ಬಿದ್ದಿದ್ದಾಳೆ, ಕಾಲುಗಳೆಲ್ಲ ಮೇಲೆ. ಸತ್ತಿಲ್ಲ. ಟಾರಾಂಟುಲಾ ಅಂಗಾತ ಬಿದ್ದರೆ ಸಾವಲ್ಲ, ಪೊರೆ ಬಿಡುವುದು, ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಎಷ್ಟು ಸಲ ಹೇಳಿಲ್ಲ ನಾನು, ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು. ಡೊಂಬಿವಲಿಯ ತವರಿನಿಂದ ಒಡವೆ ಸೀರೆ ಬಿಟ್ಟರೆ ನಾನು ತಂದದ್ದು ಇವಳೊಬ್ಬಳನ್ನೇ, ಅಂಗೈ ಅಗಲದ ಈ ರೋಮದ ಜೇಡವನ್ನು, ಅದಕ್ಕೆ ನನ್ನ ಅಜ್ಜಿಯ ಹೆಸರಿಟ್ಟಿದ್ದೇನೆಂದು ಅತ್ತೆಗೆ ಅದೂ ಒಂದು ತಕರಾರು, ಅತ್ತೆಗೆ ಯಾವುದು ತಕರಾರಲ್ಲ. ಚೌತಿಗೆ ದೇವರು ಬರುವ ಮನೆ ಮಾರಾಯ್ತಿ, ಮೂಲೆ ಮೂಲೆಯ ಬಲೆ ತೆಗೀಲಿಕ್ಕೆ ನಾನು ಊರಿಂದ ಹಿಡಿಸೂಡಿ ತರಿಸಿದ್ದು, ನಿನ್ನ ರೂಮಿನಲ್ಲಿ ಮಾತ್ರ ಬಲೆ ಸಾಕಿಟ್ಟುಕೊಂಡ್ರೆ ಆಗ್ತದಾ? ಆಗ್ತದೆ ಅತ್ತೆ, ಇದು ಧೂಳಿನ ಬಲೆಯಲ್ಲ, ನಾಲ್ಕು ದಿನ ಅದನ್ನು ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದಿದ್ದೆ ಬೆಳಿಗ್ಗೆ. ಆಯ್ತಪ್ಪ ಆಯ್ತು ಎಂದವರು ಮರುಕ್ಷಣವೇ ನನ್ನನ್ನು ನೌಪಾಡಾಕ್ಕೆ ಅಟ್ಟಿದರು, ಅಲ್ಲಿಯ ಗರಿಕೆಯೇ ಆಗಬೇಕಂತೆ, ಅಲ್ಲಿಯದ್ದೇ ತಾಜಾ ಅಂತೆ, ಹಬ್ಬದ ಟ್ರಾಫಿಕ್ಕಿನಲ್ಲಿ ಘೋಡಬಂದರ್ ರಸ್ತೆಯುದ್ದಕ್ಕೂ ರಿಕ್ಷಾದೊಳಗೆ ಬೆವರು ಸುರಿಸಿ ವಾಪಸು ಬಂದರೆ ನಮ್ಮ ಸೊಸೈಟಿಯ ಗೇಟಿನೆದುರಿಗೇ ಒಬ್ಬಳು ರಾಶಿ ಹಾಕಿಕೊಂಡು ಕೂತಿದ್ದಾಳೆ, ಅದೇ ಗರಿಕೆ, ಅದೇ ದಾಸವಾಳ. ಬೇಕೆಂದೇ ಅಟ್ಟಿದ್ದಾರೆಂದು ಆಗಲೇ ಹೊಳೆದು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ.

ಬಲೆಯೆಂದರೆ ಬೇಟೆಗೆ ಎಂದೇ ಎಲ್ಲರ ಲೆಕ್ಕ, ಕಾಲೇಜಿನ ದಿನಗಳಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ, ಇವಳು ಊಟ ಬಿಟ್ಟು ಬಲೆಗೆ ಕೂತಾಗ ಕಾಯಿಲೆಯೇನೋ ಎಂದು ಹೆದರಿ, ಆಮೇಲೆ ನೋಡುತ್ತಾ ನೋಡುತ್ತಾ ತಿಳಿಯಿತು — ಹಿಂಬದಿಯ ಎರಡು ಪುಟ್ಟ ಬೆರಳುಗಳಿಂದ ನೂಲು ಬಿಡುತ್ತಾಳೆ, ಹೊಟ್ಟೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾಳೆ, ಅಂಗಳ ಸಾರಿಸುವ ಹಾಗೆ, ಪದರದ ಮೇಲೆ ಪದರ, ಗೂಡಿನ ಬಾಯಿಗೆ ತೆಳ್ಳನೆಯ ಪರದೆ, ಅಂದರೆ ಯಾರೂ ಒಳಗೆ ಬರಬೇಡಿ, ನೆಲದ ಮೇಲೆ ದಪ್ಪ ಹಾಸು, ಅಂದರೆ ನಾನಿನ್ನು ಮಲಗುತ್ತೇನೆ. ಮಲಗಿದ್ದಾಳೆ, ನಾನು ಹೋದ ಮೇಲೆ, ಮಲಗಿದವಳ ಕೆಳಗಿನಿಂದ ಹಾಸನ್ನು ಎಳೆದಿದ್ದಾರೆ, ಬಾಣಂತಿಯ ಚಾಪೆ ಎಳೆದ ಹಾಗೆ, ಥೂ. ಈಗ ಚಿಪ್ಪು ಬಿರಿದಿದೆ, ಕಾಲುಗಳು ಹಳೆಯ ಚರ್ಮದಿಂದ ಒಂದೊಂದಾಗಿ ಬಿಡಿಸಿಕೊಳ್ಳುತ್ತಿವೆ, ಒಂದು ಮಾತ್ರ ಬರುತ್ತಿಲ್ಲ, ಅವಳು ಎಳೆದರೆ ಪೊರೆಯೂ ಜೊತೆಗೇ ಜಾರುತ್ತದೆ, ಪೊರೆಯನ್ನು ಹಿಡಿದು ನಿಲ್ಲಿಸಲು ಕೆಳಗೆ ಬಲೆಯಿಲ್ಲ, ಅರ್ಧ ಒಳಗೆ ಅರ್ಧ ಹೊರಗೆ ಆ ಕಾಲು ನಡುಗುತ್ತಿದೆ. ಮುಟ್ಟುವ ಹಾಗಿಲ್ಲ, ಹೊಸ ಮೈ ಹಾಲಿನ ಕೆನೆಯಷ್ಟು ಮೆತ್ತಗೆ, ನನ್ನ ಬೆರಳು ತಗುಲಿದರೂ ಹರಿಯುತ್ತದೆ, ಸುಮ್ಮನೆ ನೋಡುತ್ತಾ ಹಲ್ಲು ಕಡಿಯುವುದಷ್ಟೇ ನನ್ನ ಪಾಲಿಗೆ. ಅತ್ತೆ, ನಿಮ್ಮ ಹಿಡಿಸೂಡಿಗೆ ಬೆಂಕಿ ಬೀಳಲಿ — ಆದರೆ ಇರು ಅನುಷ್ಕಾ, ಇರು, ಅತ್ತೆ ಈ ಪೆಟ್ಟಿಗೆಯ ಹತ್ತಿರ ಯಾವತ್ತು ಸುಳಿದಿದ್ದಾರೆ, ಬಾಗಿಲಲ್ಲೇ ನಿಂತು ಕಿರುಚುವವರು, ಈ ಮುಚ್ಚಳದ ಕ್ಲಿಪ್ಪುಗಳು ಎಷ್ಟು ಬಿಗಿಯೆಂದರೆ ನನಗೇ ಹೆಬ್ಬೆರಳು ನೋಯುತ್ತದೆ, ಅವರ ಸಂಧಿವಾತದ ಬೆರಳಿಗೆ ಸಾಧ್ಯವೇ ಇಲ್ಲ. ನಾನು ಅವಳಿಗೆ ಊಟ ಕೊಡುವ ಉದ್ದನೆಯ ಚಿಮಟ ಬೇಸಿನ್ನಿನ ಪಕ್ಕ ಒದ್ದೆಯಾಗಿ ಬಿದ್ದಿದೆ, ಅದು ಇರುವುದು ನಮ್ಮ ಕಪಾಟಿನಲ್ಲಿ, ನನ್ನ ಸೀರೆಗಳ ಹಿಂದೆ, ಆ ಜಾಗ ಗೊತ್ತಿರುವುದು ನನಗೆ ಮತ್ತು ನನ್ನ ಗಂಡನಿಗೆ.

ರಿತೇಶ್. ಕಳೆದ ಸಲ ಇವಳು ಪೊರೆ ಬಿಟ್ಟಾಗ ಆಫೀಸಿಗೆ ರಜೆ ಹಾಕಿ ನನ್ನ ಪಕ್ಕ ನೆಲದ ಮೇಲೆ ಕೂತಿದ್ದವನು, ಉಸಿರು ಬಿಗಿಹಿಡಿದು, ಅನುಷ್ಕಾ, ಯೆ ತೋ ಅಪ್ನಾ ಬಿಸ್ತರ್ ಬಿಛಾತೀ ಹೈ, ತನ್ನ ಹಾಸಿಗೆ ತಾನೇ ಹಾಸಿಕೊಳ್ಳುತ್ತಾಳಲ್ಲ ಎಂದಿದ್ದ, ಹಾಸಿಗೆ ಎಂಬ ಮಾತನ್ನು ನನಗೆ ಕೊಟ್ಟವನೇ ಅವನು, ಅವತ್ತು ನಾನು ಅವನ ಕೈ ಹಿಡಿದುಕೊಂಡಿದ್ದೆ, ಅದೇ ಕೈ. ಕೂಗುತ್ತೇನೆ, ಗಂಟಲು ಹರಿಯುವ ಹಾಗೆ, ಬಾಗಿಲಲ್ಲಿ ತಲೆ ಹಾಕುತ್ತಾನೆ, ಪೆಟ್ಟಿಗೆಯ ಕಡೆ ನೋಡುವುದಿಲ್ಲ, ಅರೆ ಯಾರ್, ಜಾಲಾ ಹೀ ತೋ ಥಾ, ಫಿರ್ ಬನಾ ಲೇಗೀ, ಬರೀ ಬಲೆ ತಾನೇ, ಮತ್ತೆ ನೇಯ್ಕೊಳ್ತಾಳೆ, ಅಮ್ಮ ಬೆಳಿಗ್ಗೆಯಿಂದ ಊಟ ಮಾಡದೆ ಕೂತಿದ್ರು, ನಾನೇನು ಮಾಡ್ಲಿ? ಇಲ್ಲ ಎನ್ನಬೇಕಿತ್ತು, ಅಷ್ಟೇ, ಹುಟ್ಟಿದ ಮೇಲೆ ಒಂದು ಸಲವಾದರೂ ಇಲ್ಲ ಎಂದಿದ್ದೀಯಾ — ಆದರೆ ಅವನಾಗಲೇ ಹಾಲ್‌ಗೆ ಜಾರಿಕೊಂಡಿದ್ದಾನೆ. ಅತ್ತೆಯ ದನಿ, ರಿತೇಶಾ, ಅದು ಸತ್ತಿತಾ? ಸತ್ತದ್ದನ್ನು ಇಟ್ಕೊಂಡು ನಾಳೆ ದೇವರನ್ನು ತರುವುದು ಹೇಗೆ ಮಗಾ? ಪಾಪ, ಅವರಿಗೆ ಗೊತ್ತಿಲ್ಲ, ಅವನಿಗೆ ಗೊತ್ತು, ಇಲ್ಲಮ್ಮ ಬದುಕಿದೆ ಎಂದರೆ ಸಾಕು, ಕ್ಷಮಿಸಿಬಿಡುತ್ತೇನೆ, ಗರಿಕೆಯನ್ನೂ ಕ್ಲಿಪ್ಪನ್ನೂ ಚಿಮಟವನ್ನೂ, ದೇವರಾಣೆ ಕ್ಷಮಿಸುತ್ತೇನೆ, ಕಿವಿ ಆ ಕಡೆ, ಕಣ್ಣು ಆ ಕಾಲಿನ ಕಡೆ, ಬಾ ಅಕ್ಕು, ಎಳೆ, ಇನ್ನೊಂದು ಸಲ ಎಳೆ. ಹೌದಮ್ಮ, ಸತ್ತಿದೆ, ಈಗ ತೆಗೀತೇನೆ. ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಚೀಲದ ಸರಪರ, ಚಪ್ಪಲಿಯ ಸದ್ದು, ಕೋಣೆಗೆ ಬರುತ್ತಿದೆ, ಅನುಷ್ಕಾ ಜರಾ ಹಟ್ನಾ, ಸರಿಯುವುದಿಲ್ಲ, ನನ್ನ ಎರಡೂ ಕೈ ಮುಚ್ಚಳದ ಮೇಲೆ, ಕ್ಲಿಪ್ಪು ಅಂಗೈಗೆ ಒತ್ತುತ್ತಿದೆ, ಒತ್ತಲಿ, ನೋಡು ರಿತೇಶ್, ಸತ್ತದ್ದು ನಡುಗುತ್ತದೆಯೇ, ನನ್ನ ಮುಖವನ್ನಲ್ಲ, ಒಳಗೆ ನೋಡು, ಆ ಕಾಲು, ಅರ್ಧ ಒಳಗೆ ಅರ್ಧ ಹೊರಗೆ, ನಡುಗುವ ಆ ಕಾಲು, ಆ ಕಾಲು